ನಮ್ಮ ಮನೆಯ ಟೇಪ್ ರೆಕಾರ್ಡರಿನ ಗಾಯಕಿ

ಆ ಗಾಯಕಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಅಭಿಮಾನಿಗಳು ಯಾರಾದರೂ ಜಗಳ ತೆಗೆದುಕೊಂಡು ಮನೆ ಬಾಗಿಲಿಗೆ ಬಂದಾರು. ಬರಲೇಬೇಕು, ನಾನಾಗಿದ್ದರೆ ಖಂಡಿತ ಬರುತ್ತಿದ್ದೆ. ಹಳ್ಳಿಯ ಪದಗಳಿಗೆ ತಮಟೆ, ಗಿಟಾರು, ಕೀಬೋರ್ಡು ಎಲ್ಲವನ್ನೂ ಸೇರಿಸಿ ಅವರು ಹಾಡಿದ ಕ್ಯಾಸೆಟ್ಟು ನಮ್ಮೂರಿಗೆ ಬಂದಾಗ ನನಗೆ ಹದಿನಾರು. ಎಂಬತ್ತರ ದಶಕದ ನಡುವಿನ ಮಾತು. ಬಂಗಾರಪೇಟೆಯಿಂದ ಕಾಮಸಮುದ್ರದ ಕಡೆಗೆ ಹೋಗುವ ಬಸ್ಸಿನಿಂದ ಇಳಿದು ಒಂದು ಮೈಲಿ ನಡೆದರೆ ನಮ್ಮೂರು. ಎರಡು ಹಸು, ಒಂದು ಎಮ್ಮೆ, ಮೂರು ಎಕರೆ ರಾಗಿ ಹೊಲ, ಅಮ್ಮ, ಅಣ್ಣ, ಅತ್ತಿಗೆ, ನಾನು, ಮತ್ತೆ ಆ ಟೇಪ್ ರೆಕಾರ್ಡರು.

ಟೇಪ್ ರೆಕಾರ್ಡರನ್ನು ಅಣ್ಣ ಆಂಡರ್ಸನ್‌ಪೇಟೆಯಲ್ಲಿ ಯಾರಿಂದಲೋ ಸೆಕೆಂಡ್ ಹ್ಯಾಂಡಿಗೆ ತಂದಿದ್ದ. ಅದರ ದೋಷವೊಂದನ್ನು ಈಗಲೇ ಹೇಳಿಬಿಡುತ್ತೇನೆ, ನಮಗಂತೂ ಅದು ಗೊತ್ತಾಗಲು ಒಂದು ವರ್ಷ ಹಿಡಿಯಿತು. ಅದು ನಿಧಾನವಾಗಿ ಓಡುತ್ತಿತ್ತು. ಟೇಪು ನಿಧಾನ ಓಡಿದರೆ ದನಿ ಕೆಳಗಿಳಿದು ದಪ್ಪವಾಗುತ್ತದೆ. ಊರೆಲ್ಲ ಕೇಳುತ್ತಿದ್ದ ಆ ಗಾಯಕಿಯ ಸಣ್ಣ ಎತ್ತರದ ದನಿ ನಮ್ಮ ಮನೆಯ ಮಟ್ಟಿಗೆ ಎದೆಯ ಆಳದಿಂದ ಬರುವ ತುಂಬು ದನಿಯಾಗಿತ್ತು. ಹಿಂದೆ ನಿಂತು ದನಿ ಸೇರಿಸುವ ಗಂಡಸರು ಮಾತ್ರ ಬಾವಿಯೊಳಗೆ ಇಳಿದು ಹಾಡಿದಂತೆ ಕೇಳುತ್ತಿದ್ದರು. ಅದಕ್ಕೂ ನನ್ನ ಬಳಿ ಉತ್ತರವಿತ್ತು. ಅಂಥ ಹೆಂಗಸಿನ ಎದುರು ಗಂಡಸರಿಗೆ ಬಾಯಿ ಬರುವುದುಂಟೇ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನ ಅತ್ತಿಗೆ ಚಾಂಪಿಯನ್ ರೀಫ್ಸಿನವಳು. ಅವಳಪ್ಪ ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಕನ್ನಡದ ನಡುವೆ ಎರಡು ಮಾತು ತಮಿಳು ಬಾರದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಅವಳ ದನಿ ದಪ್ಪ. ಮಾತಾಡುವಾಗ ಅಷ್ಟು ತಿಳಿಯುತ್ತಿರಲಿಲ್ಲ, ಪದ ಹಾಡಿದರೆ ತಿಳಿಯುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯಲ್ಲಿ ಮಗುವಿನ ನಾಮಕರಣ ನಡೆಯಿತು. ತೊಟ್ಟಿಲ ಪಕ್ಕ ಕುಳಿತು ಅತ್ತಿಗೆ ಖುಷಿಯಿಂದ ಒಂದು ಜೋಗುಳ ಎತ್ತಿದಳು. ಪಕ್ಕದ ಮನೆ ದೊಡ್ಡಮ್ಮ ಅಡುಗೆಮನೆಯಿಂದಲೇ ಕೂಗಿ ಹೇಳಿದರು.

"ಎಂಗಸ್ರ ಮಧ್ಯೆ ಯಾವನೋ ಗಂಡ್ಸು ಕೂತು ಪದ ಏಳ್ತಾವ್ನೆ, ಆಚೆ ಕಳ್ಸ್ರಮ್ಮ."

ಇಡೀ ಮನೆ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ನಮ್ಮಮ್ಮ ಮೆಲ್ಲಗೆ, "ಸಾಕು ಬಿಡಮ್ಮ, ಬೇರೆಯೋರು ಏಳ್ಲಿ" ಎಂದಳು. ಅತ್ತಿಗೆಯೂ ನಗುತ್ತಲೇ ಎದ್ದು ಹೋದಳು. ಆಮೇಲೆ ಎರಡು ವರ್ಷ ನಮ್ಮ ಮನೆಯಲ್ಲಿ ಅವಳು ಒಂದು ಸಾಲೂ ಗುನುಗಿದ್ದನ್ನು ಯಾರೂ ಕೇಳಲಿಲ್ಲ.

ಕ್ಯಾಸೆಟ್ಟು ಹಾಕಿದ ಮೊದಲ ದಿನ ಅವಳು ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ಹಾಡು ಶುರುವಾದ ಕೂಡಲೇ ಕೈ ನಿಂತಿತು. ಒದ್ದೆ ಕೈಯಲ್ಲೇ ಒಳಗೆ ಬಂದು, "ಯಾರೇ ಇದು? ಎಂಗ್ಸಾ?" ಎಂದು ಕೇಳಿದಳು. ನಾನು ಕ್ಯಾಸೆಟ್ಟಿನ ಡಬ್ಬಿ ತೋರಿಸಿದೆ. ಅದರ ಮೇಲೆ ರೇಷ್ಮೆ ಸೀರೆ, ಅಗಲ ಕುಂಕುಮ, ತಲೆತುಂಬ ಹೂವು. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಡಬ್ಬಿ ತೆಗೆದುಕೊಂಡಳು. ಆ ಪಟವನ್ನು ಎಷ್ಟು ಹೊತ್ತು ನೋಡಿದಳೆಂದರೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು. ಅವತ್ತು ಸಂಜೆ ಹಸುವಿನ ಹೊಟ್ಟೆಗೆ ತಲೆಯಾನಿಸಿ ಹಾಲು ಕರೆಯುತ್ತ ಅವಳು ಆ ಹಾಡನ್ನೇ ಗುನುಗುತ್ತಿದ್ದಳು.

ಅಲ್ಲಿಂದ ಇಬ್ಬರಿಗೂ ಹುಚ್ಚು ಹಿಡಿಯಿತು. ಬೆಳಿಗ್ಗೆ ಹಾಲು ಕರೆಯುವಾಗ ಕ್ಯಾಸೆಟ್ಟಿನ ಒಂದು ಕಡೆ, ಸಂಜೆ ಕರೆಯುವಾಗ ಇನ್ನೊಂದು ಕಡೆ. ಒಂದು ಕಡೆ ಮುಗಿಯುವಷ್ಟರಲ್ಲಿ ಎರಡು ಹಸು, ಒಂದು ಎಮ್ಮೆ ಮುಗಿದು ಕೊಟ್ಟಿಗೆಯನ್ನೂ ಗುಡಿಸಿ ಆಗುತ್ತಿತ್ತು. ಅಷ್ಟು ಹೊತ್ತು ಓಡುವ ಕ್ಯಾಸೆಟ್ಟು ಬೇರೆ ಯಾರ ಮನೆಯಲ್ಲೂ ಇಲ್ಲ ಎಂದು ನಮಗೆ ಹೆಮ್ಮೆ ಬೇರೆ. ಆಯುಧಪೂಜೆಗೆ ಕುಡುಗೋಲಿನ ಪಕ್ಕದಲ್ಲೇ ಟೇಪ್ ರೆಕಾರ್ಡರಿಗೂ ವಿಭೂತಿ, ಕುಂಕುಮ, ಚೆಂಡುಹೂವು. ಡಬ್ಬಿಯ ಮೇಲಿದ್ದ ವಿಳಾಸಕ್ಕೆ ನಾನು ನಾಲ್ಕು ಕಾರ್ಡು ಬರೆದೆ. ನಿಮ್ಮ ಗಂಟಲಿಗೆ ದೃಷ್ಟಿ ತಾಗದಿರಲಿ, ಮೆಣಸಿನ ಕಷಾಯ ಕುಡಿಯಿರಿ, ಐಸ್‌ಕ್ರೀಂ ಮುಟ್ಟಬೇಡಿ ಎಂದೆಲ್ಲ ಬುದ್ಧಿ ಹೇಳಿದ್ದೆ. ಉತ್ತರ ಬರಲಿಲ್ಲ, ಕಷಾಯ ಕುಡಿಯುವುದರಲ್ಲಿ ಇದ್ದಿರಬೇಕು.

ಪಕ್ಕದ ಮನೆ ದೊಡ್ಡಮ್ಮನಿಗೆ ಅಳಿಯ ಹೊಸ ಟೇಪ್ ರೆಕಾರ್ಡರು ತಂದುಕೊಟ್ಟ ಮೇಲೆ ಜಗಳ ಶುರುವಾಯಿತು. ಅವರ ಮನೆಯಲ್ಲಿ ಅದೇ ಕ್ಯಾಸೆಟ್ಟು, ಅದೇ ಹಾಡು, ದನಿ ಮಾತ್ರ ಸಣ್ಣಗೆ, ಸರಸರ. ನನಗೆ ಒಂದು ಚೂರೂ ಅನುಮಾನ ಬರಲಿಲ್ಲ.

"ನಿಮ್ಮ ಮಿಷೀನು ಓಡೋಗ್ತೈತೆ ದೊಡ್ಡಮ್ಮ, ನಾಯಿ ಅಟ್ಟಿಸ್ಕಂಡು ಬಂದಂಗೆ" ಎಂದು ಗೋಡೆಯ ಈಚೆಯಿಂದ ಹೇಳಿದೆ.

"ನಿಮ್ದು ತೆವಳ್ತೈತೆ ಓಗೇ" ಎಂದರು ಅವರು.

ಮದುವೆ ಮನೆಯ ಮೈಕಿನಲ್ಲೂ ಆಕೆಯ ದನಿ ಸಣ್ಣಗೇ ಕೇಳಿಸಿತು. ಆ ತಗಡಿನ ಬಾಯಿಯಲ್ಲಿ ಯಾರು ಹಾಡಿದರೂ ಕೀರಲೇ ಎಂದು ಅತ್ತಿಗೆ ತೀರ್ಪು ಕೊಟ್ಟಳು. ಜಗತ್ತಿನ ಯಂತ್ರಗಳೆಲ್ಲ ಕೆಟ್ಟಿದ್ದವು, ನಮ್ಮದೊಂದು ಮಾತ್ರ ಸರಿಯಿತ್ತು.

ಮುಂದಿನ ನವೆಂಬರಿನಲ್ಲಿ ಆಂಡರ್ಸನ್‌ಪೇಟೆಯ ಒಂದು ಸ್ಕೂಲಿನ ಮೈದಾನದಲ್ಲಿ ರಾಜ್ಯೋತ್ಸವ, ಆ ಗಾಯಕಿಯೇ ಬರುತ್ತಾರೆ ಎಂದು ಆಟೋದಲ್ಲಿ ಕೂಗಿಕೊಂಡು ಹೋದರು. ನನಗೆ ಎರಡು ದಿನ ಅನ್ನ ಸೇರಲಿಲ್ಲ. ಅವರು ಹಾಡಿದ ಮೇಲೆ ಸುತ್ತಮುತ್ತಲ ಹೆಂಗಸರು ಅವರ ಮುಂದೆಯೇ ಒಂದೊಂದು ಹಾಡು ಹೇಳಬಹುದು, ಹೆಸರು ಕೊಡಿ ಎಂದಿದ್ದರು. ನಾನು ಒಂದು ಮಾತೂ ಕೇಳದೆ ಅತ್ತಿಗೆಯ ಹೆಸರು ಕೊಟ್ಟು ಬಂದೆ. ವಿಷಯ ತಿಳಿದು ಅವಳು ಪೊರಕೆ ಹಿಡಿದು ನನ್ನನ್ನು ಕೊಟ್ಟಿಗೆಯ ಸುತ್ತ ಅಟ್ಟಾಡಿಸಿದಳು. ಮೂರನೇ ಸುತ್ತಿಗೆ ಸುಸ್ತಾಗಿ ನಿಂತು, "ಯಾವ ಪದ ಏಳ್ಲಿ?" ಎಂದಳು.

ಆಮೇಲೆ ದಿನಾ ಅಭ್ಯಾಸ. ಒಂದು ದಿನ ಸಗಣಿ ತಟ್ಟುತ್ತ ಅವಳು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

"ಆಯಮ್ಮಂಗೂ ನನ್ನಂಗೇ ದನಿ ಐತೆ, ಆದ್ರೂ ಲೋಕವೇ ಕೇಳ್ತೈತೆ. ಆಯಮ್ಮನ ಮುಂದೆ ಒಂದ್ಸಲ ಏಳ್ಬಿಟ್ರೆ ಸಾಕು ಕಣೇ. ಆಮೇಲೆ ನಮ್ಮೂರಾಗೆ ನನ್ನ ಯಾರೂ ಗಂಡ್ಸು ಅನ್ನಲ್ಲ."

ಗಾಯಕಿ ಏನಾದರೂ ಕೇಳಿದರೆ, ಎಲ್ಲಾ ನಿಮ್ಮಿಂದಲೇ ಕಲಿತಿದ್ದಮ್ಮ ಎನ್ನಬೇಕೆಂದು ಅದನ್ನೂ ಬಾಯಿಪಾಠ ಮಾಡಿಕೊಂಡಳು.

ಕಾರ್ಯಕ್ರಮಕ್ಕೆ ಆರು ದಿನ ಇರುವಾಗ ಟೇಪು ಯಂತ್ರದೊಳಗೆ ಸುತ್ತಿಕೊಂಡಿತು. ಚೀಲದಲ್ಲಿ ಹಾಕಿಕೊಂಡು ಬಂಗಾರಪೇಟೆಯ ರೇಡಿಯೋ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯವನು ಟೇಪು ಬಿಡಿಸಿ ಹಾಡು ಹಾಕಿದ. ಎರಡು ಸಾಲು ಕೇಳಿ ಮೂಗು ಮುರಿದು, "ಮೋಟಾರಿನ ಸ್ಕ್ರೂ ಯಾರೋ ತಿರುಗ್ಸವ್ರೆ ಕಣಮ್ಮ, ಸ್ಪೀಡಿಲ್ಲ" ಎಂದು ಸಣ್ಣ ಸ್ಕ್ರೂಡ್ರೈವರ್ ಒಳಗೆ ತೂರಿಸಿದ. ಹಾಡು ಓಡುತ್ತಲೇ ಇತ್ತು. ಅವನು ತಿರುಗಿಸಿದ ಹಾಗೆಲ್ಲ ಆ ದನಿ ನನ್ನ ಕಣ್ಣೆದುರೇ ಮೇಲಕ್ಕೆ ಹತ್ತಿತು. ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ಕೊನೆಗೆ ಪಕ್ಕದ ಮನೆ ದೊಡ್ಡಮ್ಮನ ಮಿಷೀನಿನ ದನಿಯೇ ಆಗಿಹೋಯಿತು. ಬಾವಿಯಲ್ಲಿದ್ದ ಗಂಡಸರೂ ಮೇಲೆ ಬಂದರು.

ಅತ್ತಿಗೆ ನೆಚ್ಚಿಕೊಂಡ ದನಿ ಲೋಕದಲ್ಲಿ ಇರಲೇ ಇಲ್ಲ.

"ಅಣ್ಣ, ಮೊದ್ಲಿದ್ದಂಗೇ ತಿರುಗ್ಸಿಬಿಡಿ" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಾನು ಅಂಗ್ಡಿ ಇಟ್ಟಾಗಿಂದ ಕೆಡಿಸ್ಕೊಡಿ ಅಂತ ಬಂದೋಳು ನೀನೊಬ್ಳೇ ನೋಡಮ್ಮ" ಎಂದ.

ನಾನು ಪಟ್ಟು ಬಿಡಲಿಲ್ಲ. ಅವನು ಗೊಣಗುತ್ತ ತಿರುಗಿಸಿದ. ನಾನು ಕಣ್ಣು ಮುಚ್ಚಿಕೊಂಡು, ಇನ್ನೂ ಸ್ವಲ್ಪ, ಇನ್ನೂ ಒಂದು ಚೂರು ಎನ್ನುತ್ತ ನಿಂತೆ. ಅದು ನಮ್ಮ ಅತ್ತಿಗೆಯ ದನಿಗೆ ಬಂದು ಕೂತಾಗ ಸಾಕು ಎಂದೆ. ಮನೆಗೆ ಬಂದು ಯಾರಿಗೂ ಬಾಯಿ ಬಿಡಲಿಲ್ಲ. ಹೇಳಿದರೆ ಅವಳು ಹಾಡುವುದಿಲ್ಲ, ಹೇಳದಿದ್ದರೆ ಮೈದಾನದಲ್ಲೇ ಗೊತ್ತಾಗುತ್ತದೆ. ಆ ಆರು ದಿನವೂ ದೇವರಿಗೆ ಕೈ ಮುಗಿದೆ. ದೇವರೇ, ಆಯಮ್ಮನಿಗೆ ಅವತ್ತೊಂದು ದಿನ ಗಂಟಲು ಕಟ್ಟಿ ದನಿ ದಪ್ಪಗಾಗಲಿ ಎಂದು ಬೇಡಿಕೊಂಡೆ. ಕಷಾಯ ಕುಡಿಯಿರಿ ಎಂದು ಕಾರ್ಡು ಬರೆದವಳೂ ನಾನೇ.

ಆ ದಿನ ಮಧ್ಯಾಹ್ನ ಅಮ್ಮ, ಅತ್ತಿಗೆ, ನಾನು, ಪಕ್ಕದ ಮನೆ ದೊಡ್ಡಮ್ಮ ಎಲ್ಲ ಒಂದೇ ಬಸ್ಸಿನಲ್ಲಿ ಹೊರಟೆವು. ಅತ್ತಿಗೆ ಮದುವೆಯ ಸೀರೆ ಉಟ್ಟು ಕನಕಾಂಬರ ಮುಡಿದಿದ್ದಳು. ಮೈದಾನದಲ್ಲಿ ಕಾಲಿಡಲು ಜಾಗವಿಲ್ಲ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜನ ಒಬ್ಬರನ್ನೊಬ್ಬರು ಬೈದುಕೊಂಡು ಜರುಗಿ ಜರುಗಿ ಕೂತರು. ಗಾಯಕಿ ವೇದಿಕೆ ಹತ್ತಿದಾಗ ನಾನು ಎಲ್ಲ ಮರೆತು ಕುಣಿದೆ. ಪಟದಲ್ಲಿದ್ದದ್ದಕ್ಕಿಂತ ಕುಳ್ಳಗಿದ್ದರು, ಇನ್ನೂ ಲಕ್ಷಣವಾಗಿದ್ದರು. ಅವರು ಮೈಕಿನ ಮುಂದೆ ನಮಸ್ಕಾರ ಎಂದರು. ಸಣ್ಣ ದನಿ.

"ಮೈಕು ಸರಿಯಿಲ್ಲ ಅನ್ಸುತ್ತೆ" ಎಂದಳು ಅತ್ತಿಗೆ.

ಅವರು ಹಾಡಿದರು. ಮೈದಾನಕ್ಕೆ ಮೈದಾನವೇ ಎದ್ದು ಕುಣಿಯಿತು, ಅಮ್ಮ ಕೂತಲ್ಲೇ ತೊಡೆ ತಟ್ಟಿದಳು. ಬಹಳ ಚೆನ್ನಾಗಿ ಹಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ವರ್ಷವೆಲ್ಲ ಕಾದಿದ್ದ ಆ ಹೊತ್ತಿನಲ್ಲಿ ವೇದಿಕೆಯ ಕಡೆ ನೋಡಲೇ ಇಲ್ಲ, ಅತ್ತಿಗೆಯ ಮುಖವನ್ನೇ ನೋಡುತ್ತಿದ್ದೆ. ಮೊದಲ ಹಾಡಿಗೆ ಹುಬ್ಬು ಗಂಟಿಕ್ಕಿದಳು. ಎರಡನೆಯದಕ್ಕೆ ತುಟಿ ಬಿಗಿದಳು. ಮೂರನೆಯದು ಅವಳು ಹೇಳಬೇಕಿದ್ದ ಹಾಡೇ. ಅದು ಮುಗಿದಾಗ ನನ್ನ ಕೈ ಹಿಡಿದು ಎದ್ದು ನಿಂತಳು.

"ನಡಿ, ಬಸ್ಸಿಗೆ ಓಗಾನ."

ನಾನು ಕೂತಲ್ಲೇ ಎಲ್ಲವನ್ನೂ ಕಕ್ಕಿದೆ. ಮೋಟಾರು, ಸ್ಕ್ರೂ, ಮತ್ತೆ ತಿರುಗಿಸಿ ತಂದದ್ದು.

"ಯಾವಾಗ ಗೊತ್ತಾಯ್ತು?"

"ಓದ ಸೋಮವಾರ."

"ಗೊತ್ತಿದ್ದೂ ನನ್ನ ಈ ಜನದ ಮುಂದೆ ಕರ್ಕಂಡ್ ಬಂದಾ?"

ಅವಳ ಕಣ್ಣು ತುಂಬಿತ್ತು. ಅಷ್ಟರಲ್ಲಿ ಮೈಕಿನಲ್ಲಿ ಅವಳ ಹೆಸರನ್ನೇ ಕೂಗಿದರು. ದೊಡ್ಡಮ್ಮ ತಿರುಗಿ ನೋಡಿದರು. ಅತ್ತಿಗೆ ಅಲ್ಲಾಡಲಿಲ್ಲ. ಎರಡನೇ ಸಲ ಕೂಗಿದರು.

ನನಗೆ ಅಳು ಉಕ್ಕಿ ಬಂತು, ಅಳುತ್ತಲೇ ಹೇಳಿದೆ. "ನಂಗೆ ಉಚ್ಚು ಇಡಿಸಿದ್ದು ಈಯಮ್ಮನ ದನಿ ಅಲ್ಲ ಅತ್ಗೆ. ಈಗ ಕೇಳಿದ್ಮೇಲೆ ಗೊತ್ತಾಯ್ತು. ನಂಗೆ ಆ ದಪ್ಪ ದನೀನೇ ಬೇಕು. ಅದು ನಿನ್ ಅತ್ರ ಬಿಟ್ರೆ ಇನ್ಯಾರತ್ರಾನೂ ಇಲ್ಲ."

ಅವಳು ನನ್ನನ್ನು ನೋಡಿದಳು. ಕೈ ಬಿಡಿಸಿಕೊಂಡು, ಜನರ ಕಾಲು ತುಳಿಯುತ್ತ ವೇದಿಕೆ ಹತ್ತಿದಳು.

ಮೊದಲ ಸಾಲಿಗೇ ಮುಂದೆ ಕೂತಿದ್ದ ಹುಡುಗಿಯರು ಕಿಸಕ್ಕೆಂದರು. ಅವಳು ನಿಲ್ಲಿಸಲಿಲ್ಲ. ಹಾಡನ್ನು ಅವಳು ಕಲಿತದ್ದು ನಮ್ಮ ಟೇಪಿನ ವೇಗದಲ್ಲಿ, ಹಾಗಾಗಿ ನಿಧಾನವಾಗಿ, ಒಂದೊಂದು ಮಾತನ್ನೂ ಊರಿ ಊರಿ ಹೇಳಿದಳು. ಢೋಲಕ್ಕಿನವನು ಎರಡು ಸಲ ಮುಂದೆ ಓಡಿ ಎಡವಿದ. ಆಗ ಗಾಯಕಿ ಕುರ್ಚಿಯಿಂದ ಎದ್ದು ಬಂದು ಅವನಿಗೆ ತಡಿ ಎಂದು ಸನ್ನೆ ಮಾಡಿ, ಅತ್ತಿಗೆಯ ಪಕ್ಕದಲ್ಲಿ ನಿಂತು ತಾವೇ ಕೈಯಲ್ಲಿ ತಾಳ ಹಾಕಿದರು, ಅವಳದೇ ವೇಗಕ್ಕೆ. ಹುಡುಗಿಯರ ಸದ್ದಡಗಿತು. ಅಷ್ಟು ದೊಡ್ಡ ಮೈದಾನದಲ್ಲಿ ನಮ್ಮ ಅತ್ತಿಗೆಯ ದನಿ ಕೊಟ್ಟಿಗೆಯಲ್ಲಿ ಕೇಳುತ್ತಿದ್ದಷ್ಟೇ ತುಂಬಿಕೊಂಡು ಕೇಳಿತು. ದೊಡ್ಡಮ್ಮ ಗುರುತಿಲ್ಲದ ಹೆಂಗಸನ್ನು ತಿವಿದು, "ನಮ್ಮ ಪಕ್ಕದ ಮನೆಯೋಳು, ಗೋಡೆ ಒಂದೇ" ಎಂದು ಹೇಳಿಕೊಳ್ಳುತ್ತಿದ್ದರು. ಹಾಡು ಮುಗಿದಾಗ ನಾನು ಬಾಯಿಗೆ ಎರಡು ಬೆರಳಿಟ್ಟು ಶಿಳ್ಳೆ ಹೊಡೆದೆ. ಅಮ್ಮ ನನ್ನ ತಲೆಗೊಂದು ಮೊಟಕಿ ತಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಗಾಯಕಿ ಮೈಕು ತೆಗೆದುಕೊಂಡು ಕೇಳಿದರು. "ನನ್ನ ಹಾಡನ್ನ ಹೀಗೂ ಹಾಡಬಹುದು ಅಂತ ನನಗೇ ಗೊತ್ತಿರಲಿಲ್ಲಮ್ಮ. ಯಾರು ಹೇಳಿಕೊಟ್ಟರು ನಿಮಗೆ?"

ಬಾಯಿಪಾಠ ಮಾಡಿದ ಉತ್ತರ ಅವಳಿಗೆ ಗೊತ್ತಿತ್ತು. ಅತ್ತಿಗೆ ಮೈಕಿನ ಹತ್ತಿರ ಬಾಗಿ, ಇಡೀ ಆಂಡರ್ಸನ್‌ಪೇಟೆಗೆ ಕೇಳುವಂತೆ ಹೇಳಿದಳು.

"ಯಾರೂ ಏಳ್ಕೊಡ್ಲಿಲ್ಲಮ್ಮ. ನನ್ನ ದನೀನೇ ಇಂಗೆ."