ಬರಿಯ ‘ಬೇಕು’

ಮುನಿಲಕ್ಷ್ಮಮ್ಮನ ಬಾಯಲ್ಲಿ ‘ಬೇಕು’ ಯಾವಾಗಲೂ ಇನ್ನೊಂದು ಕೆಲಸದ ಬೆನ್ನು ಹಿಡಿದೇ ಬರುತ್ತಿತ್ತು. ನೀರು ಹಿಡೀಬೇಕು, ಮುದ್ದೆ ತಿರುವಬೇಕು, ಮನೆ ಓನರ್ ಮುಂದೆ ತಗ್ಗಿ ನಡೀಬೇಕು. ನನಗೆ ಇದು ಬೇಕು ಎಂದು ಅವರು ಕೇಳಿದ್ದನ್ನು ಮಾರೇನಹಳ್ಳಿಯಲ್ಲಿ ಯಾರೂ ಕಂಡವರಿಲ್ಲ. ಗಂಡ ತೀರಿಕೊಂಡ ಮೇಲೆ ಅಲ್ಲೇ ಐದು ಬಾಡಿಗೆ ಮನೆ ಬದಲಿಸಿದ್ದರು.

ಎರಡು ಸಾವಿರದ ಆರರಲ್ಲಿ, ಆಷಾಢ ಕಳೆದ ಮೇಲೆ, ತಮ್ಮ ಭೈರೇಶ ಶ್ರೀಗಂಧದ ಕಾವಲು ಎಂಬ ಊರಿನಲ್ಲಿದ್ದ ಅಪ್ಪನ ಜಮೀನನ್ನು ಲೇಔಟಿನವರಿಗೆ ಮಾರಲು ಹೊರಟ. ಅಕ್ಕ ತನ್ನ ಭಾಗ ಬಿಟ್ಟುಕೊಟ್ಟೆನೆಂದು ಸಹಿ ಹಾಕದೆ ಅದು ಆಗುವಂತಿರಲಿಲ್ಲ. ಹಾಕುತ್ತೀಯಾ ಎಂದು ಅವನು ಕೇಳಲಿಲ್ಲ. ಗುರುವಾರ ಹತ್ತಕ್ಕೆ ಕಾರು ಬರುತ್ತದೆ, ರೆಡಿಯಾಗಿರು ಎಂದ.

ಮುನಿಲಕ್ಷ್ಮಮ್ಮನಿಗೆ ಆ ಜಮೀನಿನಲ್ಲಿ ಒಂದೇ ಒಂದು ಥರ್ಟಿ ಫಾರ್ಟಿ ಸೈಟಿನ ಆಸೆ. ಕನ್ನಡ ಎಂ.ಎ. ಓದುತ್ತಿದ್ದ ಮಗಳು ದಿವ್ಯ, ಗುರುವಾರ ಬೆಳಿಗ್ಗೆ ಅಮ್ಮನ ಸೆರಗಿಗೆ ಪಿನ್ನು ಹಾಕುತ್ತಾ, ಬಾಯಿ ಬಿಟ್ಟು ಕೇಳು ಎಂದಳು.

“ಬಾಯಿಗೆ ಬರಲ್ಲ ಕಣೇ ಆ ಮಾತು.”

“ಹಳೆಗನ್ನಡದಲ್ಲಿ ಬೇಳ್ ಅಂದ್ರೆ ಆಸೆಪಡೋದು ಕಣಮ್ಮ. ಬೇಳ್ಕುಂ ಅಂತಿದ್ದದ್ದು ಸವೆದು ಸವೆದು ಬೇಕು ಆಗಿದೆ. ಬೇಟ ಅಂದ್ರೆ ಪ್ರೀತಿ, ಅದೂ ಅದೇ ಬೇರಿಂದು.”

“ಬೇಡೋದು?”

ಅದೂ ಅಲ್ಲಿಂದಲೇ ಎಂದಳು ದಿವ್ಯ.

“ನೋಡ್ದಾ,” ಎಂದು ಅಮ್ಮ ಚಪ್ಪಲಿ ಮೆಟ್ಟಿಕೊಂಡರು.

ಕೆಂಗೇರಿಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುವ ಪತ್ರ ಓದಿ ಹೇಳಿದರು. ‘ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಇಚ್ಛೆಯಿಂದ’ ಎಂಬಲ್ಲಿ ಮುನಿಲಕ್ಷ್ಮಮ್ಮ ಕತ್ತೆತ್ತಿದರು. ಐವತ್ತೆರಡು ವರ್ಷದಲ್ಲಿ ಅವರ ಇಚ್ಛೆ ಕಾಗದದ ಮೇಲೆ ಬಿದ್ದದ್ದು ಇದೇ ಮೊದಲು, ಅದೂ ಅವರನ್ನು ಕೇಳದೆ. ಒಪ್ಪಿಗೆ ತಾನೇ ಎಂದರು ಅಧಿಕಾರಿ.

“ಇಲ್ಲ ಸಾರ್. ನನ್ನ ಭಾಗ ನಂಗೆ ಬೇಕು.”

ಲೇಔಟಿನವರು ಎದ್ದು ಹೊರಟರು. ಭೈರೇಶ ಅಕ್ಕನನ್ನು ಬೈಯಲಿಲ್ಲ. ಮೆಟ್ಟಿಲ ಹತ್ತಿರ ನಿಲ್ಲಿಸಿ ಮೆತ್ತಗೆ ಕೇಳಿದ: “ಮನೇಲಿ ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವೇನಕ್ಕ? ಹತ್ತು ಜನದ ಮುಂದೆ ಬೇಡಬೇಕಿತ್ತಾ?”

ಕರೆತಂದ ಕಾರು ಮುನಿಲಕ್ಷ್ಮಮ್ಮನನ್ನು ಅಲ್ಲೇ ಬಿಟ್ಟು ಹೋಯಿತು. ಎರಡು ಬಸ್ಸು ಬದಲಿಸಿ ಮನೆಗೆ ಬಂದರು.

ಆ ವರ್ಷ ಗೌರಿ ಹಬ್ಬಕ್ಕೆ ತವರಿನ ಸೀರೆ ಬರಲಿಲ್ಲ. ಮಧ್ಯಾಹ್ನ ಭೈರೇಶನ ಹೆಂಡತಿ ಇಂದ್ರಮ್ಮನ ಫೋನು ಬಂತು. ಮುನಿಲಕ್ಷ್ಮಮ್ಮ ಹೂಂ, ಹೂಂ ಎನ್ನುತ್ತಾ ಕೇಳಿಸಿಕೊಂಡು, ಜಮೀನಿನ ಮಾತೆತ್ತದೆ ಇಟ್ಟರು. ಯಾರಮ್ಮ ಎಂದಳು ದಿವ್ಯ.

“ತವರಿನವರು. ನಾನು ಬೇಡ್ವಂತೆ ಕಣೇ.”