ಮೊಮ್ಮಗಳ ಮಸಿ, ನನ್ನ ಎಣ್ಣೆ

ಸಿದ್ದಾಪುರಕ್ಕೆ ಬಂದ ದಿನವೇ ಕಂಡೆ: ಸ್ಪಿರಿಟ್ಟು ನಾರುವ ಗಾಜಿನ ಪಾತ್ರೆಗೆ ಮೊಮ್ಮಗಳು ಶಾಂತಾ ಕರೆಂಟು ಬಿಟ್ಟಳು. ಒಳಗೆ ಇಳಿಬಿಟ್ಟ ಕಬ್ಬಿಣದ ತುಂಡು ನಿಧಾನಕ್ಕೆ ಕಪ್ಪಾಯಿತು.

"ಆಯಿ, ಇದು ವಜ್ರದಂಗ ಗಟ್ಟಿ ಇಂಗಾಲದ ಪದರ. ಕಬ್ಬಣ ಸವೆಯೂದಿಲ್ಲ" ಎಂದಳು.

"ಮಸಿ ಅನ್ನು. ನಮ್ಮ ಗಡಿಗಿ ತಳಕ್ಕ ದಿನಾ ಪುಕ್ಕಟ ಹತ್ತತೈತಿ. ಇದಕ್ಕ ಅಷ್ಟು ವರ್ಷ ಸಾಲಿ ಕಲ್ತಿಯೇನ?"

ನಮ್ಮದು ಮಂಗಳೂರು, ಸಮುದ್ರದ್ದಲ್ಲ, ಯಲಬುರ್ಗಿ ಕಡೆಯದು. ಅಲ್ಲಿ ಎರೆ ಹೊಲ, ಜೋಳ, ಒಣ ಗಾಳಿ. ಇಲ್ಲಿ ಕಾಲುವೆ, ಭತ್ತ, ಸೊಳ್ಳೆ. ಮೂರು ಹೊತ್ತೂ ಅನ್ನ ತಿನ್ನುವ ಜನ. ನಾನು ರೊಟ್ಟಿ ಬಡಿದರೆ ಬಾಗಿಲಲ್ಲಿ ನಿಂತು ನೋಡುತ್ತಾರೆ. ತೆಲುಗು ಸೀಮೆಯಿಂದ ಬಂದು ನೆಲೆಸಿದ ಪಕ್ಕದಾಕೆ ದಿನಾ "ತಿನ್ನಾರಾ" ಅನ್ನುತ್ತಾಳೆ. ಉಂಡಿರಾ ಎಂದು ತೆಲುಗಿನಲ್ಲಿ ಕೇಳುವುದಂತೆ. ಉಂಡರೆ ಈಕೆಗೇನು, ಬಿಟ್ಟರೆ ಈಕೆಗೇನು?

ಶಾಂತಾ ಈ ಕೆಲಸ ಮಾಡುವ ಶೆಡ್ಡು ಅಕ್ಕಿ ಗಿರಣಿ ಮಾಲಕನದು. ಗಿರಣಿಯ ಸವೆಯುವ ಭಾಗಗಳಿಗೆ ಈ ಪದರ ಹಚ್ಚಿಸಬೇಕೆಂಬ ಆಸೆ ಅವನಿಗೆ. ಶಾಂತಾ ಮೂರು ಸಲ ಹಚ್ಚಿದಳು, ಮೂರು ಸಲವೂ ಸಿಪ್ಪೆಯಂತೆ ಸುಲಿದು ಬಂತು.

"ಸೋಮವಾರ ಬರ್ತೀನಿ. ಆಗಲೂ ಕಿತ್ತು ಬಂದ್ರ ಶೆಡ್ಡು ಖಾಲಿ ಮಾಡವ್ವಾ" ಎಂದ.

ಊರಿಗೆ ಹೋಗಬಹುದೆಂದು ನಾನು ಖುಷಿಯಿಂದ ಬಟ್ಟೆ ಗಂಟು ಕಟ್ಟಿದೆ. ಶಾಂತಾ ಅನ್ನ ಬಿಟ್ಟಳು.

"ಎಣ್ಣಿ ಪಸಿ ಇದ್ರ ಹಿಡಿಯೂದಿಲ್ಲ ಅಂತ ಎಲ್ಲಾ ತೊಳದ ಇಟ್ಟೀನಿ. ಆದ್ರೂ ಯಾಕ ಆಯಿ?"

ನನ್ನ ಕಣ್ಣು ಮೂಲೆಯ ಎಣ್ಣೆ ಬಟ್ಟೆಗೆ ಹೋಯಿತು. ಕೆಲಸ ಮುಗಿದ ಕಬ್ಬಿಣವನ್ನು ಎಣ್ಣೆ ಬಟ್ಟೆಯಲ್ಲಿ ಒರೆಸದೆ ಎತ್ತಿಡುವವರಲ್ಲ ನಾವು. ಈ ಹಸಿ ಗಾಳಿಯಲ್ಲಂತೂ ಬಿಡುವುದುಂಟೆ? ಬಾಯಿ ಮುಚ್ಚಿಕೊಂಡಿದ್ದರೆ ಸೋಮವಾರ ಊರಿನ ಬಸ್ಸು. ಆಕೆಯ ಮುಖ ನೋಡಿದೆ.

"ನಾನ ಹಚ್ಚೀನಿ. ಕುಸುಬಿ ಎಣ್ಣಿ. ದಿನಾ ಸಂಜಿಕ."

"ಮೂರೂ ಸಲಾನಾ?"

"ಕಬ್ಬಣ ಬತ್ತಲಿ ಇಡಬಾರದು. ಒಂದ ಬೊಟ್ಟ ಎಣ್ಣಿ ತಡೀಲಾರದ್ದು ಅದೆಂಥ ವಜ್ರನ ನಿಂದು?"

ಅಳಬೇಕೋ ನಗಬೇಕೋ ತಿಳಿಯದೆ ಹುಡುಗಿ ಮತ್ತೆ ತುಂಡು ತೊಳೆದು ಪದರ ಹಚ್ಚಲು ಕೂತಳು.

ಸೋಮವಾರ ಮಾಲಕ ಮೊಳೆಯಿಂದ ಗೀಚಿದ. ಪದರ ಕಿತ್ತು ಬರಲಿಲ್ಲ. "ಛಲೋ ಹಿಡದೈತಿ" ಎಂದ. ಮಸಿ ಮಸಿಯೇ, ಹಿಡಿದಿದೆ, ಅಷ್ಟೆ. ನಾನು ಗಂಟು ಬಿಚ್ಚಿದೆ.

ಮೊನ್ನೆ ಸುಗ್ಗಿಗೆ ಮಂಗಳೂರಿಗೆ ಹೋಗಿದ್ದೆ. ಕುಡಗೋಲು ತೊಳೆದು ಹಾಗೇ ಗೋಡೆಗೆ ಸಿಕ್ಕಿಸಿಬಿಟ್ಟೆನಂತೆ. ತುಕ್ಕು ಹತ್ತಿದ್ದನ್ನು ಸೊಸೆ ತೋರಿಸಿದಳು: "ಎಣ್ಣಿ ಮರ್ತ್ರೇನ್ರಿ ಅತ್ತೀ? ಅಲ್ಲೀ ಚಾಳಿ ಬಿತ್ತೇನು?"

ಕುಡಗೋಲು ಕಸಿದುಕೊಂಡು ಕಲ್ಲಿಗೆ ಉಜ್ಜಿದೆ. ಸಿದ್ದಾಪುರಕ್ಕೆ ಮರಳಿ, ಶಾಂತಾ ತೊಳೆದಿಟ್ಟ ತುಂಡುಗಳ ಮುಂದೆ ನಿಂತರೆ, ಅಲ್ಲಿ ಮರೆತ ಈ ಹಾಳು ಕೈ ಇಲ್ಲಿ ಎಣ್ಣೆ ಬಟ್ಟೆ ತಡಕುತ್ತಿದೆ.