ಸಾಹೇಬರ ಮುಷ್ಟಿಯಲ್ಲಿದ್ದ ದಾರಿಗಳು

ತಮಗೆ ಸಲಾಮು ಹೊಡೆಯದೆ ಈ ಭಾಗದ ಯಾವ ಬ್ಯಾಂಕಿನ ಕಂಪ್ಯೂಟರೂ ಹೈದರಾಬಾದಿನ ಮುಖ ನೋಡುವುದಿಲ್ಲ ಎಂದು ನಮ್ಮ ಸಾಹೇಬರು ಹೇಳಿಕೊಳ್ಳುತ್ತಿದ್ದರು. ಹೇಳುವಾಗ ಹೊಟ್ಟೆಯ ಮೇಲೆ ಕೈಯಾಡಿಸುತ್ತಿದ್ದರು. ನಾನು ಗದ್ವಾಲದ ನೆಟ್‌ವರ್ಕ್ ಕೇಂದ್ರಕ್ಕೆ ಎಂಜಿನಿಯರಾಗಿ ಸೇರಿದಾಗ ಅವರು ನನಗೆ ಮೊದಲು ಕಲಿಸಿದ್ದು ಕ್ಯಾಂಟೀನಿಗೆ ಚಹಾ ಹೇಳಿಕಳಿಸುವುದನ್ನು. ಆಮೇಲೆ ಕಲಿಸಿದ್ದು, ಯಾರೇ ಬಂದರೂ ಕೂಡಲೇ ಒಳಗೆ ಬಿಡಬಾರದು ಎಂಬುದನ್ನು.

ಬ್ಯಾಂಕು, ಆಸ್ಪತ್ರೆ, ಹತ್ತಿಬೀಜದ ಕಂಪನಿಗಳ ಡೇಟಾವನ್ನು ಹೈದರಾಬಾದಿಗೆ ಸಾಗಿಸುವುದು ನಮ್ಮ ಕಂಪನಿಯ ವ್ಯವಹಾರ. ನಾರಾಯಣಪೇಟೆಯಿಂದ ಹೊರಡುವ ಡೇಟಾದ ಪ್ರತಿ ತುಣುಕಿಗೂ ಅಲ್ಲಿನ ರೂಟರ್ ಒಂದು ಲೇಬಲ್ ಹಚ್ಚುತ್ತದೆ. ನಡುವಿನ ಊರುಗಳ ರೂಟರುಗಳು ಒಳಗೇನಿದೆ ಎಂದು ಬಿಚ್ಚಿ ನೋಡುವುದಿಲ್ಲ. ಲೇಬಲ್ ನೋಡುತ್ತವೆ, ಬದಲಿಸಿ ಹಚ್ಚುತ್ತವೆ, ಮುಂದಿನ ಊರಿಗೆ ದಾಟಿಸುತ್ತವೆ. ಯಾವ ಗಿರಾಕಿಯ ಡೇಟಾ ಯಾವ ಊರಿನ ಮೇಲೆ ಹಾದು ಹೋಗಬೇಕು ಎಂಬುದನ್ನು ಮಾತ್ರ ಯಾರಾದರೊಬ್ಬರು ಕೂತು ರೂಟರಿಗೆ ಹೇಳಿರಬೇಕು. ಗದ್ವಾಲ, ಮಕ್ತಲ್, ನಾರಾಯಣಪೇಟೆ ಮೂರಕ್ಕೂ ಆ ಒಬ್ಬರು ಸಾಹೇಬರೇ ಆಗಿದ್ದರು. ಪಾಸ್‌ವರ್ಡ್ ಅವರ ಹತ್ತಿರ, ದಾರಿಗಳ ನಕ್ಷೆ ಅವರ ತಲೆಯಲ್ಲಿ. ಇದನ್ನೆಲ್ಲ ಒಂದು ಕಡೆ ಬರೆದಿಡೋಣವೇ ಎಂದು ನಾನು ಕೇಳಿದ್ದೆ.

“ಬರದಿಟ್ರ ನನ್ನ ಯಾರ್ ಕೇಳ್ತಾರವ್ವಾ,” ಎಂದಿದ್ದರು. ಅವರ ಬಾಯಿಂದ ನಾನು ಕೇಳಿದ ಮೊದಲ ನಿಜ ಅದು. ಎರಡನೆಯದಕ್ಕೆ ಬಹಳ ಕಾಲ ಕಾದೆ, ಸಿಗಲಿಲ್ಲ.

ಆ ದಿನಗಳಲ್ಲಿ ನಾರಾಯಣಪೇಟೆಯಲ್ಲಿ ಒಬ್ಬ ಹೆಣ್ಣುಮಗಳು ಸ್ಕ್ಯಾನಿಂಗ್ ಸೆಂಟರ್ ನಡೆಸುತ್ತಿದ್ದಳು. ಸೀರೆ ವ್ಯಾಪಾರದ ಮನೆತನದ ಸೊಸೆ. ಹಣೆಗೆ ವಿಭೂತಿ ಹಚ್ಚಿಕೊಂಡೇ ಮಷೀನಿನ ಮುಂದೆ ಕೂರುವವಳು. ಸ್ಕ್ಯಾನಿನ ಚಿತ್ರಗಳು ಹೈದರಾಬಾದಿನ ಡಾಕ್ಟರರಿಗೆ ಹೋಗಬೇಕು, ಅವರು ನೋಡಿ ರಿಪೋರ್ಟ್ ಕಳಿಸಬೇಕು, ಅಲ್ಲಿಯವರೆಗೆ ರೋಗಿ ಬೆಂಚಿನ ಮೇಲೆ ಕಾಯಬೇಕು. ಆ ಚಿತ್ರಗಳು ಹಗಲಿನಲ್ಲಿ ಆಮೆಯ ಹಾಗೆ ತೆವಳುತ್ತಿದ್ದವು. ಅವಳು ಫೋನು ಮಾಡುತ್ತಿದ್ದಳು, ಸಾಹೇಬರು ನೋಡ್ತೀನಿ ಅನ್ನುತ್ತಿದ್ದರು.

ನೋಡುವಂಥದ್ದು ಏನೂ ಇರಲಿಲ್ಲ. ನಾರಾಯಣಪೇಟೆಯಿಂದ ಮಹಬೂಬ್‌ನಗರದ ಮೇಲೆ ಹೈದರಾಬಾದಿಗೆ ನೇರ ದಾರಿ ಇತ್ತು, ಅರ್ಧಕ್ಕರ್ಧ ಖಾಲಿ ಬಿದ್ದಿತ್ತು. ಸಾಹೇಬರು ಅದನ್ನು ಬಿಟ್ಟು ಎಲ್ಲ ಡೇಟಾವನ್ನೂ ಮಕ್ತಲ್ ದಾಟಿಸಿ, ಕೃಷ್ಣೆ ದಾಟಿಸಿ, ಗದ್ವಾಲಕ್ಕೆ ತಂದು ಇಲ್ಲಿಂದ ಮೇಲೆ ಕಳಿಸುತ್ತಿದ್ದರು. ಗದ್ವಾಲದ ಮೇಲೆ ಹಾದುಹೋದರೆ ತಾನೇ ಗದ್ವಾಲದ ಸಾಹೇಬರಿಗೆ ಬೆಲೆ.

ಒಂದು ದಿನ ಆ ಹೆಣ್ಣುಮಗಳು ಮಕ್ತಲ್‌ನಲ್ಲಿ ಬಸ್ಸು ಬದಲಿಸಿ ನಮ್ಮ ಕೇಂದ್ರಕ್ಕೇ ಬಂದಳು. ಸಾಹೇಬರು ಅವಳನ್ನು ಹೊರಗೆ ಕೂರಿಸಿದರು. ಒಳಗೆ ಮೊಬೈಲಿನಲ್ಲಿ ಕ್ರಿಕೆಟ್ ನೋಡಿದರು, ಡಬ್ಬಿ ಬಿಚ್ಚಿ ರೊಟ್ಟಿ ತಿಂದರು, ಕೈತೊಳೆದು ಬಂದು ಏಲಕ್ಕಿ ಅಗಿದರು. ಆಮೇಲೆ ಒಳಗೆ ಕರೆಸಿ, ಮನೆ ಎಲ್ಲಿ, ಮಾವನವರು ಹೇಗಿದ್ದಾರೆ ಎಂದು ದರಬಾರು ನಡೆಸಿದರು. ಕೊನೆಗೆ, ತಮ್ಮ ಮನೆಯವರಿಗೆ ನಾರಾಯಣಪೇಟೆ ಸೀರೆ ಎಂದರೆ ಬಹಳ ಆಸೆ ಎಂದು ಮಾತು ತೇಲಿಬಿಟ್ಟರು.

“ಸೀರಿ ಅಂಗಡಿ ನಮ್ ಭಾವಾರದು,” ಎಂದಳು ಆಕೆ. “ಬಜಾರದಾಗ ಐತಿ, ಹೋಗಿ ತಗೋರಿ. ನಾ ಪೇಷಂಟಿಗೆ ಬೆಂಚಿನ ಮ್ಯಾಲ ಕುಂದ್ರಿಸಿ ಬಂದೀನ್ರಿ.”

ಸಾಹೇಬರ ಮುಖ ಕಪ್ಪಿಟ್ಟಿತು. ಕೀಬೋರ್ಡಿನ ಮೇಲೆ ಬಗ್ಗಿ, ನನಗೂ ಅವಳಿಗೂ ಸ್ಕ್ರೀನು ಕಾಣದಂತೆ ಹೆಗಲು ಅಡ್ಡ ಇಟ್ಟು ಏನೋ ಒತ್ತಿದರು, ಹೋಗಿಬರ್ರಿ ಎಂದರು. ಚಿತ್ರಗಳು ಸರಾಗವಾಗಿ ಹೋಗತೊಡಗಿದವು. ಕೆಲವೇ ದಿನಗಳಲ್ಲಿ ಹಳೆಯ ದಾರಿಗೇ ತಿರುಗಿಸಿಬಿಟ್ಟರು. ಸೀರೆ ಬಂದಿರಲಿಲ್ಲವಲ್ಲ. ಒಬ್ಬ ಎಂಜಿನಿಯರು ಸೀರೆಯೊಂದಕ್ಕಾಗಿ ರೋಗಿಗಳನ್ನು ಬೆಂಚಿನ ಮೇಲೆ ಕಾಯಿಸಬಲ್ಲ ಎಂಬುದು ನನಗೆ ತಿಳಿದದ್ದು ಆಗ. ಅವತ್ತಿನಿಂದ ಅವರ ಚಹಾ ಹೇಳುವುದನ್ನು ನಿಲ್ಲಿಸಿದೆ.

ಇದಾದ ಮೇಲೆ ಹೈದರಾಬಾದಿನಿಂದ ಹೊಸ ಸಾಫ್ಟ್‌ವೇರಿನವರು ಬಂದರು. ಗದ್ವಾಲದ ಬಿಸಿಲಿನಲ್ಲಿ ಕೋಟು ಹಾಕಿಕೊಂಡು ಬಂದಿದ್ದರು, ಅದರಲ್ಲೇ ಅವರ ತಿಳಿವಳಿಕೆ ಎಷ್ಟು ಎಂದು ಗೊತ್ತಾಯಿತು. ನಮ್ಮನ್ನು ಒಲಿಸಿಕೊಳ್ಳಲು ತಮ್ಮ ಸ್ಲೈಡುಗಳಿಗೆಲ್ಲ ಗದ್ವಾಲ ಸೀರೆಯ ಅಂಚು ಅಂಟಿಸಿದ್ದರು. ಅವರ ಮುಖ್ಯಸ್ಥ ಒಂದೊಂದು ಮಾತಿಗೂ ‘ಕ್ರಾಂತಿ’ ಎನ್ನುತ್ತಿದ್ದ. ಆದರೆ ತಂದಿದ್ದ ವಸ್ತು ಒಳ್ಳೆಯದು, ಅದನ್ನು ಒಪ್ಪಿಕೊಳ್ಳಬೇಕು. ಇನ್ನು ಮೇಲೆ ದಾರಿ ನಿರ್ಧರಿಸುವುದು ಊರೂರಿನ ರೂಟರುಗಳ ಮುಂದೆ ಕೂತ ಮನುಷ್ಯರಲ್ಲ, ಹೈದರಾಬಾದಿನ ಕಂಟ್ರೋಲರ್ ಎಂಬ ಒಂದು ಸಾಫ್ಟ್‌ವೇರ್. ಅದಕ್ಕೆ ಎಲ್ಲ ಊರುಗಳ ಎಲ್ಲ ಲೈನುಗಳೂ ಒಟ್ಟಿಗೆ ಕಾಣುತ್ತವೆ. ಎಲ್ಲಿ ತುಂಬಿದೆ, ಎಲ್ಲಿ ಖಾಲಿಯಿದೆ ಎಂದು ನೋಡಿ, ಹೊರಡುವ ಊರಿನ ರೂಟರಿಗೆ ದಾರಿಯುದ್ದಕ್ಕೂ ಬೇಕಾದ ಲೇಬಲ್ಲುಗಳ ಇಡೀ ಸರವನ್ನೇ ಕೊಟ್ಟುಬಿಡುತ್ತದೆ. ನಡುವಿನ ರೂಟರುಗಳು ಯಾರ ಡೇಟಾ ಯಾವ ದಾರಿ ಎಂದು ನೆನಪಿಟ್ಟುಕೊಳ್ಳುವುದೇ ಬೇಡ. ಸಾಹೇಬರು ತಲೆಯಲ್ಲಿ ಬಚ್ಚಿಟ್ಟುಕೊಂಡದ್ದೆಲ್ಲ ಒಂದೇ ಏಟಿಗೆ ರದ್ದಿ.

ಸ್ಲೈಡು ಮುಗಿದು ಕೋಟಿನವರು ಊಟಕ್ಕೆ ಎದ್ದಾಗ ಸಾಹೇಬರು ನನ್ನ ಕಡೆ ತಿರುಗಿ, “ಇವೆಲ್ಲಾ ನಮ್ ಕಡಿ ನಡ್ಯಂಗಿಲ್ಲ,” ಎಂದರು. ಯಾಕೆ ನಡೆಯುವುದಿಲ್ಲ ಎಂದು ಕೇಳಿದೆ. ನೋಡ್ತಿರು ಎಂದರು.

ಪರೀಕ್ಷೆಯ ದಿನ ಹೈದರಾಬಾದಿನಿಂದ ನಮ್ಮ ಕಂಪನಿಯ ದೊಡ್ಡ ಅಧಿಕಾರಿಯೂ ಬಂದು ಕೂತರು. ಮಕ್ತಲ್ ಲೈನು ತುಂಬುವ ಹೊತ್ತಿಗೆ ಕಂಟ್ರೋಲರ್ ತಾನೇ ಅರಿತು ನಾರಾಯಣಪೇಟೆಯ ಸ್ಕ್ಯಾನುಗಳನ್ನು ಮಹಬೂಬ್‌ನಗರದ ಕಡೆ ತಿರುಗಿಸಬೇಕಿತ್ತು. ಗೋಡೆಯ ಮೇಲಿನ ಪರದೆಯಲ್ಲಿ ಸ್ಕ್ಯಾನುಗಳ ದಾರಿ ತೋರಿಸುವ ಹಸಿರು ಗೆರೆ ಬಳುಕಿ ಹೊಸ ದಾರಿ ಹಿಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಸಾಹೇಬರು; ನನಗೆ ಸಂಶಯ ಬಂದದ್ದು ಅದಕ್ಕೇ.

ಸ್ಕ್ಯಾನಿಂಗ್ ಸೆಂಟರಿಗೆ ಫೋನು ಹಚ್ಚಿ ಈಗ ಹೇಗಿದೆ ಎಂದು ಕೇಳಿದೆ.

“ಏನ್ ಫರಕ್ ಆಗಿಲ್ರಿ. ನಿನ್ನಿ ಹೆಂಗಿತ್ತೋ ಹಂಗ ಐತಿ,” ಎಂದಳು ಆಕೆ.

ಈ ಪರೀಕ್ಷೆಗೆಂದು ನನಗೂ ಮೊದಲ ಸಲ ಪಾಸ್‌ವರ್ಡ್ ಕೊಟ್ಟಿದ್ದರು. ನಾರಾಯಣಪೇಟೆಯ ರೂಟರಿನೊಳಗೆ ಹೋಗಿ ನೋಡಿದೆ. ಕಂಟ್ರೋಲರ್ ಕಳಿಸಿದ ಹೊಸ ದಾರಿ ಸಿದ್ಧವಾಗಿಯೇ ಇತ್ತು, ಅದರ ಮೇಲೆ ಏನೂ ಹೋಗುತ್ತಿರಲಿಲ್ಲ. ಯಾರು ಏನೇ ಹೇಳಲಿ, ಎಲ್ಲವನ್ನೂ ಹಳೆಯ ದಾರಿಗೇ ಕಳಿಸು ಎಂಬ ಒಂದು ಸಾಲನ್ನು ಯಾರೋ ಹಿಂದಿನ ಸಂಜೆ ರೂಟರಿಗೆ ಸೇರಿಸಿದ್ದರು. ಯಾರ ಲಾಗಿನ್ನಿನಿಂದ ಸೇರಿಸಿದ್ದು ಎಂದೂ ಅಲ್ಲೇ ಇತ್ತು. ಅಡ್ಡಗಾಲು ಹಾಕಿದರೂ ಹೆಜ್ಜೆಯ ಗುರುತು ಒರೆಸುವಷ್ಟೂ ಕಷ್ಟ ಪಟ್ಟಿರಲಿಲ್ಲ ನಮ್ಮ ಸಾಹೇಬರು.

ಅವರನ್ನು ಮೂಲೆಗೆ ಕರೆದು ಹೇಳಬಹುದಿತ್ತು. ನನಗೆ ಮನಸ್ಸಾಗಲಿಲ್ಲ. ಲ್ಯಾಪ್‌ಟಾಪನ್ನು ದೊಡ್ಡ ಅಧಿಕಾರಿಯ ಕಡೆ ತಿರುಗಿಸಿ, ಎಲ್ಲರಿಗೂ ಕೇಳಿಸುವಂತೆ, ಹೈದರಾಬಾದಿನವರಿಗೂ ತಿಳಿಯಲೆಂದು ತೆಲುಗಿನಲ್ಲಿ ಹೇಳಿದೆ: ಗೆರೆ ಬಳುಕಿದ್ದು ಗೋಡೆಯ ಮೇಲೆ ಮಾತ್ರ, ಸ್ಕ್ಯಾನುಗಳು ಇನ್ನೂ ಗದ್ವಾಲಕ್ಕೇ ಬರುತ್ತಿವೆ, ಕಾರಣ ಈ ಸಾಲು.

ಕೋಟಿನವರ ಮುಖ್ಯಸ್ಥ ಬೆವರತೊಡಗಿದ. ಸಾಹೇಬರು ಕಪ್ಪಿನಲ್ಲಿದ್ದ ಚಹಾ ಮುಗಿಸಿ, ಕರ್ಚೀಫಿನಿಂದ ಬಾಯಿ ಒರೆಸಿ ಎದ್ದು ನಿಂತರು. ತಾವೇ ಬೇಕೆಂದು ಆ ಸಾಲು ಹಾಕಿದ್ದಾಗಿ ಹೇಳಿದರು. ಹಳೆಯ ಕೈಬರಹದ ಸಾಲೊಂದು ಎಲ್ಲೋ ಉಳಿದುಬಿಟ್ಟರೆ ಹೊಸ ವ್ಯವಸ್ಥೆ ಅದನ್ನು ಹಿಡಿಯುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ತಮ್ಮ ಉದ್ದೇಶವಾಗಿತ್ತಂತೆ. ತಮ್ಮ ತಂಡದ ಹುಡುಗಿಯೇ ಅದನ್ನು ಹಿಡಿದದ್ದು ತಮಗೆ ಹೆಮ್ಮೆಯಂತೆ. ಹಾಗೆ ಹೇಳಿ ನನ್ನ ತಲೆಯ ಮೇಲೆ ಕೈಯಿಟ್ಟರು.

ಆ ಕೋಣೆಯಲ್ಲಿ ಅದನ್ನು ನಂಬಿದವರು ಯಾರೂ ಇರಲಿಲ್ಲ. ಆದರೂ ಎಲ್ಲರೂ ನಂಬಿದರು. ಮುಖ್ಯಸ್ಥನಿಗೆ ತನ್ನ ಸಾಫ್ಟ್‌ವೇರು ಸೋಲಲಿಲ್ಲ ಎಂದಾಗಬೇಕಿತ್ತು, ಅಧಿಕಾರಿಗೆ ತನ್ನ ಇಲಾಖೆಯಲ್ಲಿ ಕಳ್ಳನಿಲ್ಲ ಎಂದಾಗಬೇಕಿತ್ತು. ಸಾಹೇಬರು ಇಬ್ಬರಿಗೂ ಬೇಕಾದದ್ದನ್ನು ಒಂದೇ ತಟ್ಟೆಯಲ್ಲಿಟ್ಟು ಕೊಟ್ಟರು. ಮತ್ತೆ ಚಪ್ಪಾಳೆಯಾಯಿತು. ನಾನು ಆ ಸಾಲು ಅಳಿಸಿದೆ, ನಾರಾಯಣಪೇಟೆಗೆ ಫೋನು ಮಾಡಿದೆ. ಆಕೆ ಈಗ ಹೋಗುತ್ತಿವೆ ಎಂದಷ್ಟೇ ಹೇಳಿ ಫೋನಿಟ್ಟಳು. ಅವಳಿಗೆ ಕೆಲಸವಿತ್ತು.

ಮಳೆಗಾಲ ಮುಗಿಯುವುದರೊಳಗೆ ಸಾಹೇಬರಿಗೆ ಹೈದರಾಬಾದಿಗೆ ವರ್ಗವಾಯಿತು, ಬಡ್ತಿಯ ಮೇಲೆ. ಕಂಟ್ರೋಲರ್ ಕೋಣೆಗೆ ಅವರೇ ಯಜಮಾನರು. ಈಗ ಕ್ರಾಂತಿಯ ಭಾಷಣ ಅವರೇ ಮಾಡುತ್ತಾರಂತೆ. ದಾರಿ ಹುಡುಕುವುದು ಸಾಫ್ಟ್‌ವೇರಾದರೂ, ಯಾರ ಡೇಟಾ ಮೊದಲು, ಯಾರದು ಆಮೇಲೆ ಎಂಬ ನಿಯಮ ಹಾಕುವುದು ಮನುಷ್ಯರೇ. ಆ ನಿಯಮಗಳಿಗೆ ಇವರ ಒಪ್ಪಿಗೆ ಬೇಕು. ಮಕ್ತಲ್‌ನ ಬ್ಯಾಂಕಿಗೆ ಹೆಚ್ಚಿನ ಆದ್ಯತೆ ಕೊಡಿ ಎಂದು ಕೇಳಿದರೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ ಬರುತ್ತದೆ. ಮುಂಚೆ ಮೂರು ಊರಿನವರು ಅವರ ಬಾಗಿಲಲ್ಲಿ ಕಾಯುತ್ತಿದ್ದರು, ಈಗ ಎಲ್ಲ ಜಿಲ್ಲೆಗಳವರು ಕಾಯುತ್ತಾರೆ. ಕ್ರಾಂತಿಯಾದದ್ದು ಇಷ್ಟೇ. ಸ್ಕ್ಯಾನುಗಳ ದಾರಿಯೊಂದು ಮಾತ್ರ ಅವರ ಕೈ ತಪ್ಪಿತು; ಅದು ಪರೀಕ್ಷೆಯ ದಿನವೇ ಎಲ್ಲರ ಕಣ್ಣಿಗೆ ಬಿದ್ದದ್ದರಿಂದ ಮುಟ್ಟಲು ಅವರಿಗೆ ಧೈರ್ಯವಿಲ್ಲ.

ಹೋದ ವರ್ಷ ನನಗೆ ಫೋನು ಮಾಡಿ ಹೈದರಾಬಾದಿಗೆ ಬರಲು ಕರೆದರು, ತಮ್ಮ ಕೈಕೆಳಗೆ, ಒಳ್ಳೆಯ ಹುದ್ದೆ. ಇಲ್ಲೇ ಇರುತ್ತೇನೆ ಎಂದೆ.

“ನನ್ ಮ್ಯಾಲ ನಿನಗ ಇನ್ನೂ ಸಿಟ್ಟ ಐತಿ,” ಎಂದರು.

“ಸಿಟ್ಟಿಲ್ರಿ ಸಾಹೇಬ್ರ. ಸಿಟ್ಟಾಗಾಕ ನಿಮ್ ಮ್ಯಾಲ ಒಂದೀಟು ಮರ್ಯಾದಿ ಇರಬೇಕಿತ್ತು.”

ಸಾಹೇಬರು, ದನಿ ಸರಿಯಾಗಿ ಕೇಳಿಸುತ್ತಿಲ್ಲ, ನಿಮ್ಮ ಕಡೆ ನೆಟ್‌ವರ್ಕ್ ಸರಿಯಿಲ್ಲ ಎಂದು ಇಟ್ಟುಬಿಟ್ಟರು.

ಅವತ್ತು ಗದ್ವಾಲದ ಹತ್ತಿರದ ಶಾಂತಿನಗರದ ರಸ್ತೆಯಲ್ಲಿ ಜೆಸಿಬಿ ಕೇಬಲ್ ಕಡಿದಿತ್ತು. ನಾನು ಕೇಬಲ್ ಜೋಡಿಸುವವರ ಜೊತೆ ಜೀಪಿನಲ್ಲಿ ಹೊರಟೆ. ಕಂಟ್ರೋಲರ್ ಅಷ್ಟರಲ್ಲೇ ಡೇಟಾವನ್ನು ಬೇರೆ ದಾರಿಗೆ ಹಾಕಿತ್ತು. ಯಾವ ಗಿರಾಕಿಯೂ ಫೋನು ಮಾಡಲಿಲ್ಲ. ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿ, ಕೇಬಲ್ ಕಡಿದ ಜೆಸಿಬಿಯವನಿಗೂ ಚಹಾ ತರಿಸಿಕೊಟ್ಟು, ಗುಂಡಿ ಅಗೆಸಲು ಶುರು ಮಾಡಿದೆವು.